ಜ್ಯೇಷ್ಠಾಂಶ: ಹಿರಿಯನಿಗೆ ಹೆಚ್ಚು ಅಂದರೆ ಲೆಕ್ಕದಲ್ಲಿ ಎಷ್ಟು?

ಕಡತದಹುಳು:
ಹಿರಿಯ ಮಗನಿಗೆ ಹೆಚ್ಚು ಪಾಲು ಅನ್ನುವ ಮಾತು ಬಂದಾಗಲೆಲ್ಲ ಚರ್ಚೆ ನ್ಯಾಯ-ಅನ್ಯಾಯದಲ್ಲೇ ಗಿರಕಿ ಹೊಡೆಯುತ್ತದೆ. ಇಲ್ಲಿ ಬೇಕಿರುವುದು ಲೆಕ್ಕ. ಎಷ್ಟು ಹೆಚ್ಚು? ಯಾವ ಆಸ್ತಿಯಲ್ಲಿ? ಹಿರಿಯ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಆ ಹಕ್ಕು ಅವನ ಮಗನಿಗೋ, ಎರಡನೆಯವನಿಗೋ? ಮೊದಲು ಹುಟ್ಟಿದ್ದು ಹೆಣ್ಣಾದರೆ? ಸಾಲ ಯಾರ ತಲೆಗೆ? ತಿಳಿದವರು ಬಿಡಿಸಿ ಹೇಳಿ. ಯಾವ ದೇಶದ ಪದ್ಧತಿಯಾದರೂ ಸರಿ.

ತಾಳೆಗರಿ:
ಮನುಸ್ಮೃತಿಯಿಂದ ಶುರು ಮಾಡುತ್ತೇನೆ. ಜನ ಒಂದೇ ನಿಯಮ ಇದೆ ಅಂದುಕೊಂಡಿರುತ್ತಾರೆ, ಒಂಬತ್ತನೇ ಅಧ್ಯಾಯದಲ್ಲಿ ಮೂರು ಇವೆ.

ಮೊದಲನೆಯದು (9.105), ಹಿರಿಯನೇ ಪೂರ್ತಿ ತೆಗೆದುಕೊಳ್ಳುತ್ತಾನೆ, ಉಳಿದವರು ತಂದೆಯ ನೆರಳಿನಲ್ಲಿದ್ದಂತೆ ಅವನ ನೆರಳಿನಲ್ಲಿ ಬದುಕುತ್ತಾರೆ. ಇದು ಪಾಲೇ ಅಲ್ಲ, ಕೂಡಿ ಬಾಳುವ ವ್ಯವಸ್ಥೆ.

ಎರಡನೆಯದು (9.112) ಉದ್ಧಾರ. ಇಲ್ಲಿ ಆ ಪದಕ್ಕೆ ಏಳಿಗೆ ಅನ್ನುವ ಅರ್ಥವಿಲ್ಲ, ಪಾಲಿಗೆ ಮುಂಚೆ ಒಟ್ಟು ರಾಶಿಯಿಂದ ಎತ್ತಿಡುವ ಭಾಗ ಅಂತ. ಹಿರಿಯನಿಗೆ ಇಪ್ಪತ್ತರಲ್ಲಿ ಒಂದು, ಜೊತೆಗೆ ವಸ್ತುಗಳಲ್ಲಿ ಒಳ್ಳೆಯದೊಂದು. ನಡುವಿನವನಿಗೆ ಅದರ ಅರ್ಧ, ಅಂದರೆ ನಲವತ್ತರಲ್ಲಿ ಒಂದು. ಕಿರಿಯನಿಗೆ ಎಂಬತ್ತರಲ್ಲಿ ಒಂದು. ಉಳಿದದ್ದು ಸಮಪಾಲು.

ಮೂರನೆಯದು (9.117) ಉದ್ಧಾರ ಎತ್ತದೆ ನೇರವಾಗಿ ಪಾಲು ಮಾಡುವುದು: ಹಿರಿಯನಿಗೆ ಎರಡು, ಅವನ ಬೆನ್ನಿಗೆ ಹುಟ್ಟಿದವನಿಗೆ ಒಂದೂವರೆ, ಮಿಕ್ಕವರಿಗೆ ಒಂದೊಂದು.

ಎರಡು ಮತ್ತು ಮೂರನ್ನು ಒಟ್ಟಿಗೆ ಹೇರುವ ಹಾಗಿಲ್ಲ. ಉದ್ಧಾರ ತೆಗೆದುಕೊಂಡವನು ಎರಡು ಪಾಲು ಕೇಳುವಂತಿಲ್ಲ.

ಕೂಡಿಕಳೆ:
ತಾಳೆಗರಿ ಸರ್ ಹೇಳಿದ್ದನ್ನು ಅಂಕಿಗೆ ಇಳಿಸೋಣ. ಭಿನ್ನರಾಶಿ ಬಾರದಿರಲಿ ಅಂತ ಒಟ್ಟು ಆಸ್ತಿ 720 ಭಾಗ, ಮೂವರು ಗಂಡುಮಕ್ಕಳು ಅಂತಿಟ್ಟುಕೊಳ್ಳಿ.

ಉದ್ಧಾರದ ಲೆಕ್ಕ: ಹಿರಿಯನಿಗೆ 36, ನಡುವಿನವನಿಗೆ 18, ಕಿರಿಯನಿಗೆ 9. ಎತ್ತಿಟ್ಟದ್ದು ಒಟ್ಟು 63. ಉಳಿದ 657ರಲ್ಲಿ ತಲೆಗೆ 219. ಕೊನೆಗೆ 255, 237, 228. ಹಿರಿಯನಿಗೂ ಕಿರಿಯನಿಗೂ ವ್ಯತ್ಯಾಸ 27 ಭಾಗ, ಒಟ್ಟು ಆಸ್ತಿಯ ನೂರಕ್ಕೆ ನಾಲ್ಕೂ ಇಲ್ಲ. ‘ಹಿರಿಯನಿಗೇ ಎಲ್ಲಾ’ ಅನ್ನುವ ಗದ್ದಲಕ್ಕೂ ಈ ಅಂಕಿಗೂ ಎಲ್ಲಿಯ ಸಂಬಂಧ!

ಎರಡು, ಒಂದೂವರೆ, ಒಂದು ಲೆಕ್ಕ: 720ನ್ನು ನಾಲ್ಕೂವರೆಯಿಂದ ಭಾಗಿಸಿದರೆ 160. ಹಾಗಾಗಿ 320, 240, 160. ಇಲ್ಲಿ ಹಿರಿಯನದು ಕಿರಿಯನ ಎರಡರಷ್ಟು. ಒಂದೇ ಗ್ರಂಥ, ಐದೇ ಶ್ಲೋಕದ ಅಂತರ, ಫಲ ಮಾತ್ರ ಅಜಗಜಾಂತರ.

ಸಾಮಾನ್ಯವಾಗಿ ಆಗುವ ತಪ್ಪು: ಹಿರಿಯನ 36 ಕಳೆದು ಉಳಿದ 684ರಲ್ಲಿ ನಲವತ್ತರ ಒಂದು ತೆಗೆಯುವುದು. ಹಾಗಲ್ಲ, ನಡುವಿನವನದು ಹಿರಿಯನ ಉದ್ಧಾರದ ಅರ್ಧ ಅಂತಲೇ ಶ್ಲೋಕ ಹೇಳುವುದರಿಂದ ಮೂರೂ ಮೂಲ ರಾಶಿಯ ಮೇಲೆಯೇ ಬರಬೇಕು.

ಮೂರನೇಪಾಲು:
ನಾಲ್ವರು ಇದ್ದರೆ? ನಡುವಿನ ಇಬ್ಬರೂ ಸೇರಿ ನಲವತ್ತರ ಒಂದೋ, ತಲೆಗೊಂದೋ?

ತಾಳೆಗರಿ:
ಹಿರಿಯ ಕಿರಿಯ ಇಬ್ಬರನ್ನು ಬಿಟ್ಟು ಮಿಕ್ಕವರೆಲ್ಲರಿಗೂ ‘ಮಧ್ಯಮ ಧನ’ ಅಂತ ಮುಂದಿನ ಶ್ಲೋಕ (9.113) ಹೇಳುತ್ತದೆ. ತಲೆಗೊಂದು ಅಂತಲೇ ಓದುವುದು ರೂಢಿ. 720ಕ್ಕೆ 36, 18, 18, 9, ಒಟ್ಟು 81, ಉಳಿದ 639ರಲ್ಲಿ ತಲೆಗೆ 159.75. ಮಕ್ಕಳು ಹೆಚ್ಚಾದಷ್ಟೂ ಎತ್ತಿಡುವುದೂ ಹೆಚ್ಚಾಗುತ್ತದೆ, ಆದರೆ ಹಿರಿಯನಿಗೂ ಕಿರಿಯನಿಗೂ ಇರುವ ಅಂತರ 27ರಲ್ಲೇ ನಿಲ್ಲುತ್ತದೆ, ಗಮನಿಸಿ.

ಈಗ ಮುಖ್ಯ ವಿಷಯ. ಈ ಇಡೀ ಲೆಕ್ಕವನ್ನು ಬದಿಗೆ ಸರಿಸಿದ್ದು ಕಲ್ಯಾಣದಲ್ಲಿ ಕೂತು ಬರೆದ ವಿಜ್ಞಾನೇಶ್ವರ. ಆರನೇ ವಿಕ್ರಮಾದಿತ್ಯನ ಕಾಲ, ಅಂದರೆ 1076ರಿಂದ 1126ರ ನಡುವೆ. ಅವನು ವ್ಯಾಖ್ಯಾನ ಮಾಡುತ್ತಿದ್ದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಅಲ್ಲಿ ತಂದೆ ಬದುಕಿದ್ದಾಗ ತಾನೇ ಪಾಲು ಮಾಡಿದರೆ ಹಿರಿಯನಿಗೆ ಶ್ರೇಷ್ಠ ಭಾಗ ಕೊಡಬಹುದು ಅಥವಾ ಎಲ್ಲರಿಗೂ ಸಮ ಮಾಡಬಹುದು ಅಂತಿದೆ (2.114). ತಂದೆ ತಾಯಿ ತೀರಿಕೊಂಡ ಮೇಲೆ ಮಕ್ಕಳು ಆಸ್ತಿಯನ್ನೂ ಸಾಲವನ್ನೂ ಸಮವಾಗಿ ಹಂಚಿಕೊಳ್ಳಬೇಕು ಅಂತಿದೆ (2.117). ಇಲ್ಲಿ ಮನುವಿನ ಉದ್ಧಾರ ಅಡ್ಡ ಬರುತ್ತದಲ್ಲ? ವಿಜ್ಞಾನೇಶ್ವರ ಅದನ್ನು ಸುಳ್ಳು ಅನ್ನುವುದಿಲ್ಲ. ಶಾಸ್ತ್ರದಲ್ಲಿದೆ, ನಿಜ, ಆದರೆ ಅದು ಲೋಕವಿದ್ವಿಷ್ಟ, ಜನ ದ್ವೇಷಿಸುವಂಥದ್ದು. ಹಾಗಿರುವುದನ್ನು ಧರ್ಮ್ಯವಾದರೂ ಆಚರಿಸಬಾರದು ಅಂತ ಯಾಜ್ಞವಲ್ಕ್ಯನದೇ ಮಾತನ್ನು ಮುಂದೆ ಹಿಡಿಯುತ್ತಾನೆ. ನಿಯೋಗ (ಮಕ್ಕಳಿಲ್ಲದವಳು ಗಂಡನಲ್ಲದವನಿಂದ ಸಂತಾನ ಪಡೆಯುವ ಹಳೆಯ ಪದ್ಧತಿ) ಹೇಗೆ ಈಗ ನಡೆಯುವುದಿಲ್ಲವೋ ಹಾಗೇ ಇದೂ ಅನ್ನುತ್ತಾನೆ. ಹಿರಿಯನೊಬ್ಬನೇ ದಾಯಾದ ಅನ್ನುವ ‘ಕೆಲವರ’ ಮತವನ್ನು ಎತ್ತಿ ತಳ್ಳಿಹಾಕಿದ ಹಳೆಯ ಧರ್ಮಸೂತ್ರಕಾರ ಆಪಸ್ತಂಬನನ್ನೂ ಸಾಕ್ಷಿಗೆ ಕರೆಯುತ್ತಾನೆ. ಜನರ ರೂಢಿ ಶಾಸ್ತ್ರವನ್ನು ದಾಟಿ ಹೋದಾಗ ಶಾಸ್ತ್ರಕಾರ ಅದಕ್ಕೆ ದಾರಿ ಮಾಡಿಕೊಡುವುದು ಹೇಗೆ ಅನ್ನುವುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದಿಲ್ಲ.

ಹಳೆಒಡಂಬಡಿಕೆ:
ಎರಡು ಪಾಲಿನ ಇನ್ನೊಂದು ಹಳೆಯ ನಿಯಮ ಬೈಬಲಿನ ಧರ್ಮೋಪದೇಶಕಾಂಡ 21:15-17. ಮೂವರು ಮಕ್ಕಳಾದರೆ ಆಸ್ತಿಯನ್ನು ನಾಲ್ಕು ಮಾಡಿ ಚೊಚ್ಚಲ ಮಗನಿಗೆ ಎರಡು. 720ರಲ್ಲಿ 360, 180, 180. ಐವರಾದರೆ ಆರು ಪಾಲು, ಅವನಿಗೆ ಮೂರನೇ ಒಂದು. ಅಚ್ಚುಮೆಚ್ಚಿನ ಹೆಂಡತಿಯ ಮಗನನ್ನು ತಂದೆ ಚೊಚ್ಚಲ ಅಂತ ಮುಂದೆ ತರುವಂತಿಲ್ಲ, ನಿಜವಾಗಿ ಮೊದಲು ಹುಟ್ಟಿದವನು ತಾತ್ಸಾರಕ್ಕೊಳಗಾದ ಹೆಂಡತಿಯ ಮಗನಾದರೂ ಹಕ್ಕು ಅವನದೇ.

ರಬ್ಬಿಗಳು, ಅಂದರೆ ಯೆಹೂದಿ ಧರ್ಮಪಂಡಿತರು, ಇದಕ್ಕೆ ಕಟ್ಟಿದ ಬೇಲಿ ನೋಡಬೇಕು. ಎರಡು ಪಾಲು ತಂದೆಯ ಆಸ್ತಿಯಲ್ಲಿ ಮಾತ್ರ, ತಾಯಿಯದರಲ್ಲಿ ಇಲ್ಲ. ತಂದೆ ಸಾಯುವಾಗ ಅವನ ಕೈಯಲ್ಲಿದ್ದದ್ದಕ್ಕೆ ಮಾತ್ರ, ಮುಂದೆ ಬರಬೇಕಾದ ಬಾಕಿಗೆ ಇಲ್ಲ. ತಂದೆ ಸತ್ತ ಮೇಲೆ ಹುಟ್ಟಿದವನಿಗಿಲ್ಲ. ಹೊಟ್ಟೆ ಕೊಯ್ದು ತೆಗೆದ ಮಗುವಿಗೂ ಇಲ್ಲ. ಕಡತದಹುಳು ಅವರು ಕೇಳಿದ ಸಾಲದ ಪ್ರಶ್ನೆಗೂ ಇಲ್ಲಿ ಖಚಿತ ಉತ್ತರ ಇದೆ: ಎರಡು ಪಾಲು ತೆಗೆದುಕೊಂಡವನು ತಂದೆಯ ಸಾಲದಲ್ಲೂ ಎರಡು ಪಾಲು ತೀರಿಸಬೇಕು.

ಸರ್ವೆನಂಬರ್:
ಇವೆಲ್ಲ ‘ಸ್ವಲ್ಪ ಹೆಚ್ಚು’ ಆಯಿತು. ಇಂಗ್ಲೆಂಡಿನಲ್ಲಿ ಪೂರ್ತಿ ಹಿರಿಯನಿಗೇ ಅಲ್ವಾ?

ಕಟ್ಟಳೆ:
ಪೂರ್ತಿ ಅಲ್ಲ, ಭೂಮಿ ಮಾತ್ರ. ಅದೂ ಉಯಿಲು ಬರೆಯದೆ ಸತ್ತರೆ. ಹಣ, ದನ, ಒಡವೆ, ಪಾತ್ರೆಪಗಡೆ ಬೇರೆ ದಾರಿ ಹಿಡಿಯುತ್ತಿದ್ದವು: 1670ರ ಕಾಯ್ದೆಯ ಪ್ರಕಾರ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳೆಲ್ಲರಿಗೂ ಸಮ. ತಮಾಷೆ ಅಂದರೆ, ತನಗೆ ಬಂದ ಜಮೀನನ್ನು ಲೆಕ್ಕಕ್ಕೆ ತೋರಿಸದೆಯೇ ಹಿರಿಯ ಮಗ ಈ ಸಮಪಾಲಿನಲ್ಲೂ ಕೈಯೊಡ್ಡಬಹುದಿತ್ತು. ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಭಾಗದ ಅನುಭೋಗ ಬದುಕಿರುವವರೆಗೆ.

ಗಂಡುಮಕ್ಕಳಿಲ್ಲದೆ ಬರೀ ಹೆಣ್ಣುಮಕ್ಕಳಿದ್ದರೆ ಹಿರಿಯವಳಿಗೆ ಪೂರ್ತಿ ಹೋಗುತ್ತಿರಲಿಲ್ಲ, ಎಲ್ಲರೂ ಸಮಪಾಲುದಾರರು. ಇದನ್ನು ತಪ್ಪಾಗಿ ಬರೆದಿರುವ ಲೇಖನಗಳೇ ಹೆಚ್ಚು. ಒಂದೇ ದೇಶದೊಳಗೂ ಏಕರೂಪ ಇರಲಿಲ್ಲ. ಕೆಂಟ್ ಸೀಮೆಯಲ್ಲಿ ಗಂಡುಮಕ್ಕಳಿಗೆಲ್ಲ ಸಮ. ಇನ್ನು ಕೆಲವು ಪಟ್ಟಣ, ಮೇನರ್‌ಗಳಲ್ಲಿ (ಒಬ್ಬ ಒಡೆಯನ ಕೈಕೆಳಗಿನ ಹಿಡುವಳಿ) ಕಿರಿಯವನಿಗೆ.

ನಿಜವಾದ ಬಿಗಿ ಇದ್ದದ್ದು ದೊಡ್ಡ ಎಸ್ಟೇಟುಗಳ ‘ಸೆಟ್ಲ್‌ಮೆಂಟ್’ ಪತ್ರಗಳಲ್ಲಿ. ತಂದೆಗೆ ಬದುಕಿರುವವರೆಗೆ ಅನುಭೋಗ ಮಾತ್ರ, ಅವನ ನಂತರ ಹಿರಿಯ ಮಗನಿಗೆ. ಮಗನಿಗೆ 21 ತುಂಬಿದ ಕೂಡಲೇ ತಂದೆ ಅವನನ್ನು ಕೂರಿಸಿಕೊಂಡು ಹೊಸ ಪತ್ರ ಮಾಡಿಸುತ್ತಿದ್ದ. ಕೈಗೆ ಕಾಸು ಬೇಕಿದ್ದ ಮಗ ತಿಂಗಳ ಭತ್ಯೆಯ ಆಸೆಗೆ ಸಹಿ ಹಾಕುತ್ತಿದ್ದ, ಅಲ್ಲಿಗೆ ಅವನೂ ಬರೀ ಅನುಭೋಗದಾರ. ಹೀಗೆ ಪ್ರತಿ ತಲೆಮಾರಿಗೂ ಗಂಟು ಬಿಗಿ. ಉಳಿದ ಮಕ್ಕಳಿಗೆ ಕೊಡಬೇಕಾದ ಮೊತ್ತವನ್ನು ಅದೇ ಪತ್ರದಲ್ಲಿ ಬರೆದು ಜಮೀನಿನ ಮೇಲೆ ಹೊರಿಸುತ್ತಿದ್ದರು. ನಗದು ಇರುತ್ತಿರಲಿಲ್ಲ, ಅಡಮಾನ ಇಟ್ಟು ಕೊಡುತ್ತಿದ್ದರು. ಅಜ್ಜನ ತಂಗಿಯರ ಮೊತ್ತ, ಅಪ್ಪನ ತಮ್ಮಂದಿರ ಮೊತ್ತ, ತನ್ನ ತಮ್ಮಂದಿರ ಮೊತ್ತ, ಎಲ್ಲದರ ಬಡ್ಡಿಯೂ ಗೇಣಿಯಿಂದಲೇ ಹೋಗಬೇಕು. ಹೆಸರಿಗೆ ಸಾವಿರಾರು ಎಕರೆ, ಕೈಗೆ ಬರುವುದು ಚೂರುಪಾರು. ಮಾರಿ ಸಾಲ ತೀರಿಸೋಣ ಅಂದರೆ ಮಾರುವ ಹಕ್ಕೇ ಇಲ್ಲ. 1882ರ ಕಾಯ್ದೆ ಅನುಭೋಗದಾರನಿಗೆ ಮಾರುವ ಅಧಿಕಾರ ಕೊಟ್ಟಿತು, ಆದರೂ ಬಂದ ಹಣ ಟ್ರಸ್ಟಿಗಳ ಕೈಗೇ ಹೋಗಬೇಕು. ಉಯಿಲಿಲ್ಲದ ಆಸ್ತಿಯಲ್ಲಿ ಹಿರಿಯನ ಹಕ್ಕು ಕೊನೆಗೊಂಡದ್ದು 1925ರ ಕಾಯ್ದೆಯಿಂದ, ಜಾರಿಗೆ ಬಂದದ್ದು 1926ರ ಜನವರಿ 1ರಂದು.

ವಂಶವೃಕ್ಷ:
ಹಿರಿಯವನು ಮೊದಲೇ ತೀರಿಕೊಂಡರೆ ಅನ್ನುವ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಜಗಳಗಳಲ್ಲಿ ದೊಡ್ಡದು ಅದೇ.

ತಂದೆಗೆ ದೊಡ್ಡವ, ಚಿಕ್ಕವ ಇಬ್ಬರು ಮಕ್ಕಳು. ದೊಡ್ಡವ ತಂದೆಗಿಂತ ಮೊದಲು ಸತ್ತ, ಅವನಿಗೊಬ್ಬ ಮಗ ಇದ್ದಾನೆ. ಈಗ ಹಕ್ಕು ಮೊಮ್ಮಗನಿಗೋ, ಬದುಕಿರುವ ಚಿಕ್ಕವನಿಗೋ? ಕವಲಿನ ಲೆಕ್ಕ ಹಿಡಿದರೆ ಮೊಮ್ಮಗ ಸತ್ತ ತಂದೆಯ ಜಾಗದಲ್ಲಿ ನಿಲ್ಲುತ್ತಾನೆ, ದೊಡ್ಡ ಕವಲು ಪೂರ್ತಿ ಒಣಗುವವರೆಗೆ ಚಿಕ್ಕ ಕವಲಿಗೆ ಸರದಿ ಇಲ್ಲ. ರಕ್ತದ ಹತ್ತಿರ ಹಿಡಿದರೆ ಮಗನೇ ಮೊಮ್ಮಗನಿಗಿಂತ ಹತ್ತಿರ, ಚಿಕ್ಕವ ಗೆಲ್ಲುತ್ತಾನೆ. ವಯಸ್ಸಿನ ಲೆಕ್ಕ ಹಿಡಿದರೆ ಮನೆತನದಲ್ಲಿ ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯ ಗಂಡಸು ಯಾರೋ ಅವನು.

ಇಂಗ್ಲೆಂಡಿನ ಗದ್ದುಗೆ ಎರಡೂ ಕಂಡಿದೆ. 1199ರಲ್ಲಿ ಅಣ್ಣನ ಮಗ ಆರ್ಥರ್‌ನನ್ನು ಬದಿಗೊತ್ತಿ ಚಿಕ್ಕಪ್ಪ ಜಾನ್ ಪಟ್ಟಕ್ಕೆ ಬಂದ. 1377ರ ಹೊತ್ತಿಗೆ ನಿಯಮ ಗಟ್ಟಿಯಾಗಿತ್ತು: ಹಿರಿಯ ಮಗ ಹಿಂದಿನ ವರ್ಷವೇ ತೀರಿಕೊಂಡಿದ್ದರೂ, ವಯಸ್ಸಿಗೆ ಬಂದ ಚಿಕ್ಕಪ್ಪಂದಿರು ಇದ್ದರೂ, ಹತ್ತು ವರ್ಷದ ಮೊಮ್ಮಗ ಎರಡನೇ ರಿಚರ್ಡ್‌ಗೇ ಪಟ್ಟ. ಆಟೊಮನ್ನರು 1617ರಲ್ಲಿ ಉಲ್ಟಾ ದಾರಿ ಹಿಡಿದರು, ಸುಲ್ತಾನ ಸತ್ತಾಗ ಮಗನ ಬದಲು ತಮ್ಮ ಮುಸ್ತಫಾ ಬಂದ. ವಯಸ್ಸಿನ ಲೆಕ್ಕದಲ್ಲಿ ಎಳೆಯ ಹುಡುಗ ಗದ್ದುಗೆ ಏರುವ ಭಯ ಇರುವುದಿಲ್ಲ, ಆದರೆ ಮುದುಕರಾದ ಮೇಲೆ ಸರದಿ ಬರುತ್ತದೆ.

ಪಾಲುಪತ್ರದಲ್ಲಾಗಲಿ ಟ್ರಸ್ಟ್ ಪತ್ರದಲ್ಲಾಗಲಿ ‘ಹಿರಿಯ ಮಗ’ ಅಂತಷ್ಟೇ ಬರೆದರೆ ಈ ಮೂರರಲ್ಲಿ ಯಾವುದು ಅನ್ನುವುದು ಕೋರ್ಟಿನ ಪಾಲಿಗೆ ಬೀಳುತ್ತದೆ. ‘ಬದುಕಿರುವ ಹಿರಿಯ ಮಗ’ ಅಥವಾ ‘ಹಿರಿಯ ಮಗ, ಅವನಿಲ್ಲದಿದ್ದರೆ ಅವನ ಸಂತತಿ’ ಅಂತ ಒಂದನ್ನು ಬಿಡಿಸಿ ಬರೆಯಲೇಬೇಕು. ಅವಳಿಯಾದರೆ ಮನುವೂ ಯುರೋಪಿನ ರಾಜಮನೆತನಗಳೂ ಒಂದೇ ಮಾತು: ಮೊದಲು ಹೊರಬಂದವನು ಹಿರಿಯ. ಹುಟ್ಟಿದ ಗಳಿಗೆ ಬರೆದಿಡದಿದ್ದರೆ ಅಲ್ಲಿಗೆ ಮುಗಿಯಿತು.

ಮೂರನೇಪಾಲು:
ಕ್ಷಮಿಸಿ, ಇಷ್ಟೆಲ್ಲ ಲೆಕ್ಕ ಹಾಕಿದರೂ ಇದು ಮೊದಲು ಹುಟ್ಟಿದ್ದಕ್ಕೆ ಕೊಡುವ ಬಹುಮಾನ ಅಷ್ಟೆ. ಮೊದಲು ಹುಟ್ಟುವುದರಲ್ಲಿ ಯಾರ ಹೆಚ್ಚುಗಾರಿಕೆ ಏನಿದೆ?

ಕಟ್ಟಳೆ:
ಬಹುಮಾನ ಅಂತ ನೋಡಿದರೆ ಅರ್ಥವಾಗುವುದಿಲ್ಲ ಮೇಡಂ. ಒಡೆಯಲಾಗದ ವಸ್ತು ಒಂದಿದೆ, ಅದಕ್ಕೆ ಅಂಟಿಕೊಂಡ ಕೆಲಸ ಒಂದಿದೆ, ಎರಡನ್ನೂ ಯಾರೋ ಒಬ್ಬರ ತಲೆಗೆ ಕಟ್ಟಬೇಕು. ಯಾರು ಅನ್ನುವುದರಲ್ಲಿ ಚೌಕಾಸಿಗೆ ಎಡೆ ಇರಬಾರದು ಅಂತ ಹುಟ್ಟಿನ ಕ್ರಮ ಹಿಡಿದರು. ಮೇಘಾಲಯದ ಖಾಸಿ ಜನರಲ್ಲಿ ಅದೇ ಹೊರೆ ಕಿರಿಯ ಮಗಳ ಮೇಲಿದೆ: ಮನೆ ಅವಳದು, ತಂದೆ ತಾಯಿಯನ್ನು ನೋಡಿಕೊಳ್ಳುವುದೂ ಕುಲದ ವಿಧಿಗಳೂ ಅವಳವೇ. ಅಲ್ಲೂ ತರ್ಕ ಒಂದೇ, ಎಣಿಕೆ ಮಾತ್ರ ಕೊನೆಯಿಂದ.

ನೈಜೀರಿಯದ ಬೆನಿನ್‌ನಲ್ಲಿ ‘ಇಗಿಯೊಗ್ಬೆ’ ಅಂತ ಇದೆ. ತಂದೆ ಬದುಕಿ ಬಾಳಿ ಸತ್ತ ಮನೆ ಹಿರಿಯ ಮಗನಿಗೆ. ತಂದೆ ಉಯಿಲಿನಲ್ಲೂ ಅದನ್ನು ಬೇರೆಯವರಿಗೆ ಬರೆಯುವ ಹಾಗಿಲ್ಲ. ಆದರೆ ಮಗ ತಂದೆಯ ಅಂತ್ಯವಿಧಿಗಳನ್ನು ಪೂರ್ತಿ ಮುಗಿಸಿದ ಮೇಲೆಯೇ ಹಕ್ಕು ಕೈಗೆ ಬರುತ್ತದೆ. ಉಳಿದ ಆಸ್ತಿ ಎಲ್ಲರ ನಡುವೆ ಹಂಚಿಕೆ.

ಜಪಾನಿನಲ್ಲಿ 1898ರ ಸಂಹಿತೆ ಮನೆಯ ಯಜಮಾನಿಕೆಯನ್ನೂ ಪೂರ್ತಿ ಆಸ್ತಿಯನ್ನೂ ಹಿರಿಯ ಮಗನಿಗೆ ಕೊಡುತ್ತಿತ್ತು. 1947ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಆದರೆ ವಂಶಾವಳಿ, ಪೂಜೆಯ ಸಾಮಾನು, ಸಮಾಧಿ ಇವು ಪಾಲಿಗೆ ಬರುವುದಿಲ್ಲ, ಪಿತೃಕಾರ್ಯ ನಡೆಸುವವರಿಗೆ ಹೋಗುತ್ತವೆ ಅಂತ ಒಂದು ಕಲಮು (897) ಉಳಿಸಿಕೊಂಡರು. ದಕ್ಷಿಣ ಕೊರಿಯದಲ್ಲೂ ಹೀಗೇ. ಒಮ್ಮತ ಬಾರದಿದ್ದರೆ ಪಿತೃಕಾರ್ಯ ನಡೆಸುವ ಸ್ಥಾನ ಹಿರಿಯ ಮಗನದು ಅಂತಿದ್ದದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಬದಲಿಸಿ, ಗಂಡೋ ಹೆಣ್ಣೋ ಹತ್ತಿರದ ಸಂತತಿಯಲ್ಲಿ ಹಿರಿಯರಾದವರು ಅಂದಿತು.

ಸರ್ವೆನಂಬರ್:
ಜಮೀನು ಒಡೆಯಬಾರದು ಅನ್ನುವುದಕ್ಕೆ ನಾರ್ವೆಯ ‘ಓಡೆಲ್’ ಸೇರಿಸಿ. ಇಂದಿಗೂ ಚಾಲ್ತಿಯಲ್ಲಿದೆ. ಮನೆತನ 20 ವರ್ಷ ಹೊಂದಿದ ಹೊಲ ಇರಬೇಕು, ಕನಿಷ್ಠ 3.5 ಹೆಕ್ಟೇರ್ ಸಾಗುವಳಿ ಭೂಮಿ ಅಥವಾ 50 ಹೆಕ್ಟೇರ್ ಉತ್ಪಾದಕ ಕಾಡು. ಮೊದಲ ಹಕ್ಕು ಹಿರಿಯ ಮಗುವಿಗೆ. 1974ರ ಕಾಯ್ದೆಯಿಂದ ಹೆಣ್ಣಿಗೂ ಅದೇ ಸ್ಥಾನ. ಬಿಟ್ಟಿ ಅಲ್ಲ, ಒಡಹುಟ್ಟಿದವರಿಗೆ ಅವರವರ ಪಾಲಿನ ಹಣ ಕೊಡಬೇಕು, ಬೆಲೆ ಕಟ್ಟುವುದು ಮಾತ್ರ ಮಾರುಕಟ್ಟೆಗಿಂತ ಕಡಿಮೆ. ಯಾಕೆ ಕಡಿಮೆ? ಪೂರ್ತಿ ಬೆಲೆ ಕೊಡಲು ಸಾಲ ಮಾಡಿದರೆ ಆ ಹೊಲದ ಹುಟ್ಟುವಳಿಯಿಂದ ಅದು ತೀರುವುದಿಲ್ಲ, ಮುಂದೆ ಹೊಲವೇ ಹರಾಜಿಗೆ. ಕಟ್ಟಳೆ ಸರ್ ಹೇಳಿದ ಇಂಗ್ಲೆಂಡಿನ ಎಡವಟ್ಟು ಇದೇ ತಾನೇ. ಹಕ್ಕು ಚಲಾಯಿಸಿ ತೆಗೆದುಕೊಂಡವರು ಐದು ವರ್ಷ ಅಲ್ಲೇ ವಾಸ ಇದ್ದು ಬೇಸಾಯ ಮಾಡಬೇಕು.

ಮೂರನೇಪಾಲು:
ಹೊರೆ ಹೊತ್ತವನಿಗೆ ಹಕ್ಕು, ಸರಿ. ಹೊರೆ ಇಳಿಸಿ ಹಕ್ಕು ಮಾತ್ರ ಇಟ್ಟುಕೊಂಡರೆ? ದಕ್ಷಿಣ ಆಫ್ರಿಕದಲ್ಲಿ ಆದದ್ದು ಅದೇ. ತಂದೆ ಸತ್ತರೆ ಹಿರಿಯ ಗಂಡು ವಾರಸುದಾರ ಎಲ್ಲ ತೆಗೆದುಕೊಂಡು ಮನೆಮಂದಿಯನ್ನು ಸಾಕಬೇಕು ಅನ್ನುವುದು ರೂಢಿ. ಕುಟುಂಬಗಳು ಪಟ್ಟಣ ಸೇರಿ ಚದುರಿದ ಮೇಲೆ ಎಲ್ಲೋ ಇದ್ದ ವಾರಸುದಾರ ಮನೆ ಮಾರಲು ಬರುತ್ತಿದ್ದ, ಸಾಕುವುದು ಮಾತ್ರ ಇರಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು.

ಕಟ್ಟಳೆ:
ಒಪ್ಪಿದೆ.

ಕಡತದಹುಳು:
ಎಲ್ಲರಿಗೂ ಧನ್ಯವಾದ. ಭಾರತದ ಈಗಿನ ಸ್ಥಿತಿ ಯಾರಾದರೂ ಹೇಳಿದರೆ ಪೂರ್ತಿಯಾಗುತ್ತದೆ. ಜಮೀನ್ದಾರಿ, ಸಂಸ್ಥಾನಗಳಲ್ಲಿ ಹಿರಿಯನಿಗೇ ಹೋಗುತ್ತಿತ್ತಲ್ಲ?

ದಫ್ತರು:
ಹೋಗುತ್ತಿತ್ತು, ಆದರೆ ಸುಮ್ಮನೆ ಒಪ್ಪುತ್ತಿರಲಿಲ್ಲ. ಅವಿಭಾಜ್ಯ ಎಸ್ಟೇಟು ಅಂತ ಹೇಳಿಕೊಂಡವನೇ ರೂಢಿಯನ್ನು ಸಾಬೀತು ಮಾಡಬೇಕಿತ್ತು: ಹಳೆಯದು, ತಪ್ಪದೆ ನಡೆದುಬಂದದ್ದು, ಅನುಮಾನಕ್ಕೆ ಎಡೆಯಿಲ್ಲದ್ದು. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ 1872ರಲ್ಲೇ ಈ ಅಳತೆ ಹಾಕಿಕೊಟ್ಟಿತ್ತು. ಇಲ್ಲಿ ಬಹಳ ಜನ ಎಡವುವುದು ಸಾಕ್ಷ್ಯದಲ್ಲಿ. ‘ಆರು ತಲೆಮಾರು ಹಿರಿಯ ಮಗನಿಗೇ ಬಂದಿದೆ’ ಅಂತ ವಂಶಾವಳಿ ತೋರಿಸುತ್ತಾರೆ. ಆ ಆರರಲ್ಲಿ ನಾಲ್ಕು ತಲೆಮಾರಿಗೆ ಒಬ್ಬನೇ ಮಗನಿದ್ದರೆ ಆ ನಾಲ್ಕೂ ಲೆಕ್ಕಕ್ಕಿಲ್ಲ. ತಮ್ಮಂದಿರು ಇದ್ದರು, ಪಾಲು ಸಿಗಲಿಲ್ಲ, ಜೀವನಾಂಶ ಮಾತ್ರ ಪಡೆದು ಸುಮ್ಮನಿದ್ದರು ಅಂತ ತೋರಿಸುವ ತಲೆಮಾರುಗಳೇ ಸಾಕ್ಷ್ಯ. ಒಮ್ಮೆ ತಮ್ಮನಿಗೆ ಪಾಲು ಕೊಟ್ಟ ಪತ್ರ ಸಿಕ್ಕಿದರೂ ಕಟ್ಟಿದ್ದೆಲ್ಲ ಕುಸಿಯುತ್ತದೆ.

1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ 4ನೇ ಕಲಮು ಅದಕ್ಕೆ ವಿರುದ್ಧವಾದ ರೂಢಿಗಳನ್ನು ಅಳಿಸಿತು. 5ನೇ ಕಲಮಿನಲ್ಲಿ ಕಿರಿದಾದ ಬಾಗಿಲು ಉಳಿದಿದೆ: ದೇಶೀಯ ಸಂಸ್ಥಾನದ ಅರಸ ಭಾರತ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದಿಂದಲೋ, ಆ ಕಾಯ್ದೆಗೆ ಮುಂಚಿನ ಶಾಸನದಿಂದಲೋ ಒಬ್ಬನೇ ವಾರಸುದಾರನಿಗೆ ಹೋಗುವ ಎಸ್ಟೇಟು. ಬರೀ ಮನೆತನದ ಪದ್ಧತಿ ಅಂದರೆ ಆ ಬಾಗಿಲಲ್ಲಿ ಹಿಡಿಸುವುದಿಲ್ಲ. ಮುಸ್ಲಿಂ ಮನೆತನವಾದ ರಾಂಪುರದ ವಿಷಯದಲ್ಲೂ ಸುಪ್ರೀಂ ಕೋರ್ಟ್ 2019ರಲ್ಲಿ ಇದೇ ದಿಕ್ಕಿನಲ್ಲಿ ಹೇಳಿತು: ನವಾಬನ ಖಾಸಗಿ ಆಸ್ತಿ ಗದ್ದುಗೆಯ ಹಿಂದೆ ಹೋಗುವುದಿಲ್ಲ, ಷರಿಯತ್ ಪ್ರಕಾರ ವಾರಸುದಾರರಲ್ಲಿ ಪಾಲಾಗಬೇಕು.

ಇನ್ನೊಂದು ಗೊಂದಲ ಕರ್ತ. ಒಟ್ಟುಕುಟುಂಬದ ಹಿರಿಯ ಸದಸ್ಯ ವ್ಯವಹಾರ ನೋಡಿಕೊಳ್ಳುತ್ತಾನೆ, ಅಷ್ಟೇ. ಅದಕ್ಕಾಗಿ ಒಂದು ಗುಂಟೆಯೂ ಹೆಚ್ಚು ಬರುವುದಿಲ್ಲ. ಪಹಣಿಯಲ್ಲಿ ಹಿರಿಯನ ಹೆಸರು ಮಾತ್ರ ಇದೆ ಅನ್ನುವುದೂ ಜ್ಯೇಷ್ಠಾಂಶ ಅಲ್ಲ. ಹಿರಿಯ ಮಗಳೂ ಕರ್ತಳಾಗಬಹುದು ಅಂತ ದೆಹಲಿ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಹೇಳಿದೆ. ಹಿರಿತನ ಬೇರೆ, ಪಾಲು ಬೇರೆ ಅನ್ನುವುದು ಅಳಿಯಸಂತಾನದವರಿಗೆ ಹೊಸದೂ ಅಲ್ಲ; ಅಲ್ಲಿ ಕುಟುಂಬದ ಹಿರಿಯರು ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ.

ಸರ್ವೆನಂಬರ್:
ಎಲ್ಲರೂ ಒಪ್ಪಿ ಹಿರಿಯರಿಗೆ ಹೆಚ್ಚು ಕೊಡಬೇಕು ಅಂದರೆ?

ದಫ್ತರು:
ಆಗುತ್ತದೆ. ಪಾಲು ಅಸಮ ಅನ್ನುವ ಒಂದೇ ಕಾರಣಕ್ಕೆ ವಿಭಾಗಪತ್ರ ಬೀಳುವುದಿಲ್ಲ. ಬೀಳುವುದು ಬೇರೆ ಕಾರಣಗಳಿಗೆ. ಹೆಣ್ಣುಮಕ್ಕಳ ಸಹಿ ಇಲ್ಲದ್ದು ಮೊದಲನೆಯದು. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವರೂ ಹುಟ್ಟಿನಿಂದಲೇ ಪಾಲುದಾರರು, ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರೂ ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಖಚಿತಪಡಿಸಿತು. ಎರಡನೆಯದು ಅಪ್ರಾಪ್ತರು: ಅವರಿಗೆ ಅನ್ಯಾಯವಾಗಿದ್ದರೆ ಹಂಚಿಕೆಯನ್ನೇ ಮತ್ತೆ ತೆರೆಸಬಹುದು. ಮೂರನೆಯದು ನೋಂದಣಿ ಇಲ್ಲದ ‘ಪಾಲುಪಟ್ಟಿ’, ಮನೆಯಲ್ಲೇ ಬರೆದು ಬೆರಳೊತ್ತಿದ್ದು. ಹೆಚ್ಚಿನ ಭಾಗ ಯಾಕೆ ಅಂತ ಪತ್ರದಲ್ಲೇ ಒಂದು ಸಾಲು ಬರೆಯಿಸಿ, ಸಾಲ ತೀರಿಸಿದ್ದಕ್ಕೋ, ತಂದೆತಾಯಿಯನ್ನು ನೋಡಿಕೊಂಡದ್ದಕ್ಕೋ. ಇಪ್ಪತ್ತು ವರ್ಷದ ಮೇಲೆ ಓದುವವರಿಗೆ ಬೇಕಾಗುವುದು ಆ ಸಾಲೇ.

ತಂದೆಗೆ ಸ್ವಯಾರ್ಜಿತ ಇದ್ದರೆ ಉಯಿಲು ಸುಲಭ. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ ಉಯಿಲು ಮಾಡಬಹುದು (ಅದೇ ಕಾಯ್ದೆಯ 30ನೇ ಕಲಮು), ಪೂರ್ತಿಯನ್ನಲ್ಲ. ಕನಿಷ್ಠ ಇಬ್ಬರು ಸಾಕ್ಷಿ ಬೇಕು. ಲಾಭ ಪಡೆಯುವ ಹಿರಿಯ ಮಗನನ್ನೋ ಅವನ ಹೆಂಡತಿಯನ್ನೋ ಸಾಕ್ಷಿ ಹಾಕಿಸಿ ಅನುಮಾನಕ್ಕೆ ದಾರಿ ಮಾಡಬೇಡಿ. ಮನೆ ಒಡೆಯಬಾರದು ಅನ್ನುವುದಷ್ಟೇ ಉದ್ದೇಶವಾದರೆ 22ನೇ ಕಲಮು ನೋಡಿ: ಉಯಿಲಿಲ್ಲದೆ ಬಂದ ಆಸ್ತಿಯಲ್ಲಿ ಮೊದಲ ದರ್ಜೆಯ ವಾರಸುದಾರರೊಬ್ಬರು (ಮಕ್ಕಳು, ಹೆಂಡತಿ, ತಾಯಿ ಮುಂತಾದವರು) ತಮ್ಮ ಪಾಲು ಮಾರಲು ಹೊರಟರೆ ಕೊಳ್ಳುವ ಮೊದಲ ಹಕ್ಕು ಮಿಕ್ಕ ವಾರಸುದಾರರದು. ಬೆಲೆ ಕುದುರದಿದ್ದರೆ ಕೋರ್ಟು ಕಟ್ಟುತ್ತದೆ, ಇಬ್ಬರು ಪೈಪೋಟಿ ಮಾಡಿದರೆ ಹೆಚ್ಚು ಕೊಡುವವರಿಗೆ. ಅಲ್ಲಿ ಹಿರಿತನ ಕೇಳುವವರಿಲ್ಲ.

ಕೂಡಿಕಳೆ:
ಒಂದು ಉಳಿಯಿತು. ಮೂವರಿಗೆ ಹತ್ತು ಮೇಕೆ. ತಲೆಗೆ ಮೂರು, ಮಿಕ್ಕದ್ದು ಒಂದು. ಅದೇನು ಮಾಡುವುದು?

ತಾಳೆಗರಿ:
ಮನು 9.119. ಕಡಿದು ಹಂಚಬೇಡಿ, ಮಾರಿ ದುಡ್ಡೂ ಮಾಡಬೇಡಿ, ಹಿರಿಯನಿಗೆ ಬಿಡಿ. ಆದರೆ 9.213ನ್ನೂ ಜೊತೆಗೆ ಓದಿ: ಆಸೆಬುರುಕನಾಗಿ ತಮ್ಮಂದಿರಿಗೆ ಮೋಸ ಮಾಡಿದವನು ಹಿರಿಯನೇ ಅಲ್ಲ, ಅವನಿಗೆ ಆ ವಿಶೇಷ ಭಾಗವೂ ಇಲ್ಲ, ಮೇಲೆ ರಾಜದಂಡ.